ಮೇಜಿನ ಮೇಲಿನ ಥೆಸಲೊನೀಕಿ

ಅಮೆರಿಕದ ಗೇದರ್ಸ್‌ಬರ್ಗ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರಿಗಿದ್ದ ಡೈನರ್‌ನ ಯಜಮಾನರು ಗ್ರೀಸಿನ ಥೆಸಲೊನೀಕಿ ಬಂದರಿನವರು. ತೊಂಬತ್ತರ ದಶಕದ ಆ ಶನಿವಾರಗಳಲ್ಲಿ ನಾವು ತಿಂಡಿಗೆ ಹೋದರೆ, ಅವರು ಕಪ್ಪಿಗೆ ಕಾಫಿ ಸುರಿದು ನಮ್ಮ ಮೇಜಿನ ಮೇಲೆ ತಮ್ಮ ಊರು ಕಟ್ಟುತ್ತಿದ್ದರು. "ಮೈ ಫ್ರೆಂಡ್, ಸಮುದ್ರ ಈ ಕಡೆ" ಎಂದು ಮೊದಲು ಮೇಜಿನ ಅಂಚು ಸವರುವರು. ಉಪ್ಪಿನ ಡಬ್ಬಿ ದಡದ ಬಿಳಿ ಗೋಪುರ. ಕೆಚಪ್ ಬಾಟಲಿ ತುರ್ಕರು ಬಿಟ್ಟುಹೋದ ಮಿನಾರು. ನಡುವೆ ಹಾಸಿದ ನ್ಯಾಪ್ಕಿನ್, ಹಿಂದೊಮ್ಮೆ ಬೆಂಕಿ ಬಿದ್ದು ಸುಟ್ಟುಹೋದ ಕೇರಿ, ಯಹೂದಿಗಳದು.

"ಉಪ್ಪು ಮುಟ್ಟಬೇಡ್ರೀ, ಟವರ್ ಬೀಳತ್ತೆ" ಎಂದು ನನ್ನ ಹೆಂಡತಿ ಕನ್ನಡದಲ್ಲಿ ಎಚ್ಚರಿಸುವಳು. ನನ್ನ ಆಲೂಗಡ್ಡೆ ಸಪ್ಪೆಯಾಗಿಯೇ ಹೊಟ್ಟೆ ಸೇರುತ್ತಿತ್ತು.

ಮೈಸೂರಿನವಳಾದ ಅವಳಿಗೆ, ಯಾರ ಊರು ಯಾವುದೆಂದು ತಿಳಿದ ಮೇಲೂ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ. ಒಂದು ದಿನ ಕೇಳಿಯೇಬಿಟ್ಟಳು: "ಅದು ಸರಿ ಅಂಕಲ್, ನಿಮ್ಮ ನೇಟಿವ್ ಪ್ಲೇಸ್ ಯಾವ್ದು? ಅಜ್ಜ ಅಜ್ಜಿ ಊರು?"

ಯಜಮಾನರ ಕೈ ಉಪ್ಪಿನ ಡಬ್ಬಿಯ ಮೇಲೆ ನಿಂತಿತು. "ಈ ದಡದಲ್ಲಿ ಅವರು ಹಡಗಿನಿಂದ ಇಳಿದದ್ದು ಅಷ್ಟೇ. ಅಜ್ಜಿಯ ಮನೆ ಸಮುದ್ರದ ಆಚೆ, ಟರ್ಕಿಯಲ್ಲಿ. ಯುದ್ಧದಲ್ಲಿ ಎಲ್ಲ ಬಿಟ್ಟು ಓಡಿಬಂದರು." ಆಮೇಲೆ ಸಮುದ್ರದ ಅಂಚು ದಾಟಿ ಪಕ್ಕದ ಮೇಜಿನತ್ತ ಬೆರಳು ತೋರಿಸಿದರು. "ಅಗೋ, ಅಲ್ಲಿ."

ಅಲ್ಲಿ ಯಾರದೋ ಸಂಸಾರ ಕೂತು ತಿಂಡಿ ತಿನ್ನುತ್ತಿತ್ತು. ಅವರ ಕಪ್ಪುಗಳು ಖಾಲಿಯಾಗಿದ್ದವು. ಯಜಮಾನರು ಕಾಫಿ ಜಗ್ ಎತ್ತಿಕೊಂಡು ಆ ಕಡೆ ಹೋದರು.