ಅಬ್ಬಾನ ಮೂಗು, ನನ್ನ ಮಸಾಲೆ

ನಮ್ಮ ಅಬ್ಬಾ ಹಮೀದ್ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಚಿಕನ್ ಕಬಾಬ್ ಕರಿಯುತ್ತಾರೆ. ತಳ್ಳುಗಾಡಿಯಲ್ಲಿ ಶುರುವಾದದ್ದು ಈಗ ಒಂದು ಷಟರಿನ ಅಂಗಡಿ. ಕೋಳಿ ಎಲ್ಲರ ಹತ್ತಿರವೂ ಅದೇ ಕೋಳಿ, ಎಣ್ಣೆಯೂ ಅದೇ. ಜನ ಹುಡುಕಿಕೊಂಡು ಬರುವುದು ಇವರ ಮಸಾಲೆಗೆ. ಅದರ ಪುಡಿಯನ್ನು ಅಬ್ಬಾ ಮನೆಯ ಹಿಂದಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಬೆರೆಸುತ್ತಾರೆ. ಅಮ್ಮಿಗೂ ಒಳಗೆ ಪ್ರವೇಶವಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಬಾಗಿಲ ಸಂದಿಗೆ ಕಣ್ಣಿಟ್ಟು, ಖಾರಕ್ಕೆ ಸೀನಿ ಸಿಕ್ಕಿಬಿದ್ದೆ. "ನಿಂಗೆ ಹೇಳಿದ್ರೆ ನಾಳೆ ಅಳಿಯನ ಮನೆ ಸೇರುತ್ತೆ ಬೇಟಿ," ಎಂದು ನಕ್ಕರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರಲ್ಲ, ನಾನು ಕೊಡುವ ಮುಂಚೆಯೇ ಹೊರಗಾಗಿದ್ದೆ. ಆ ಸಿಟ್ಟು ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಅಳತೆ ಅನ್ನುವುದು ಅಬ್ಬಾಗೆ ಗೊತ್ತೇ ಇಲ್ಲ. ಹಿಡಿಯಲ್ಲಿ ಹಾಕುವುದು, ಮೂಸುವುದು, ಇನ್ನೊಂದು ಚಿಟಿಕೆ ಸೇರಿಸುವುದು. ಈ ಸಲದ ಕೊತ್ತಂಬರಿ ಬೀಜ ಹೋದ ಸಲದ ಹಾಗಿರುವುದಿಲ್ಲ, ಹಾಗಾಗಿ ಮೂಗೇ ತಕ್ಕಡಿ ಎನ್ನುತ್ತಿದ್ದರು. ರಂಜಾನ್ ತಿಂಗಳಲ್ಲಂತೂ ಆ ಮೂಗಿನ ಮೆರೆದಾಟ ನೋಡಬೇಕು. ರೋಜಾದ ಉಪವಾಸ ಇರುವಾಗ ನಾಲಿಗೆಗೆ ಏನನ್ನೂ ತಾಗಿಸುವ ಹಾಗಿಲ್ಲ. ಇಫ್ತಾರಿಗೆ ಒಯ್ಯಲು ಜನ ಸಾಲಾಗಿ ನಿಂತಿರುವಾಗ ಅಬ್ಬಾ ಕೋಳಿ ನೆನೆಸಿದ ಟಬ್ಬಿನ ಮುಚ್ಚಳ ತೆಗೆದು, ಬಗ್ಗಿ, ಉದ್ದಕ್ಕೆ ಉಸಿರೆಳೆದು, "ಉಪ್ಪು ಸರಿ, ಖಾರ ಸರಿ, ಬಿಸ್ಮಿಲ್ಲಾ," ಎಂದು ಬಾಣಲೆಗೆ ಬಿಡುವರು. ಉಪ್ಪಿಗೆ ಎಲ್ಲಿಯ ವಾಸನೆ? ಆದರೆ ಯಾರೂ ಕೇಳಿದವರಿಲ್ಲ. ಕಬಾಬ್ ತಿಂದವರಿಗೆ ಕೇಳುವ ಅಗತ್ಯವೂ ಬರಲಿಲ್ಲ.

ಹೋದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ವಾರ ಮಲಗಿಸಿ ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಅವರು ಒಬ್ಬರಿಗೂ ಹೇಳಲಿಲ್ಲ. ಕಂಡುಹಿಡಿದದ್ದು ಅಮ್ಮಿ. ಒಂದು ಶುಕ್ರವಾರ ಅರ್ಧ ಶೀಶೆ ಅತ್ತರು ಸುರಿದುಕೊಂಡು ಮಸೀದಿಗೆ ಹೋದರಂತೆ, ಅಕ್ಕಪಕ್ಕದವರು ಕೆಮ್ಮಿ ಕೆಮ್ಮಿ ಸುಸ್ತಾದರಂತೆ. ಇನ್ನೊಂದು ದಿನ ಒಲೆಯ ಮೇಲೆ ಹಾಲು ಸೀದು ಕರ್ರಗಾಗುತ್ತಿದೆ, ಇವರು ಬೆನ್ನು ತಿರುಗಿಸಿ ಅದೇ ಅಡುಗೆಮನೆಯಲ್ಲಿ ಕುಳಿತು ಫೋನ್ ನೋಡುತ್ತಿದ್ದಾರೆ. ಅಮ್ಮಿ ಬಾಯಿ ಬಿಡದೆ ಪಾತ್ರೆ ಇಳಿಸಿ, ಮಾರನೆಯ ದಿನವೇ ಬಸ್ಸು ಹತ್ತಿ ಭದ್ರಾವತಿಯ ನನ್ನ ಮನೆಗೆ ಬಂದರು.

"ಇರಂ, ನಿನ್ನ ಅಬ್ಬಾಗೆ ವಾಸನೆ ಹೋಗಿದೆ," ಎಂದರು, ಚಪ್ಪಲಿ ಬಿಡುವ ಮುಂಚೆಯೇ.

"ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ ಮತ್ತೆ."

"ಬಾಯಿಬಿಟ್ಟು ಒಪ್ಕೊಂಡ್ರೆ ತಾನೆ? ನಂಗೇನಾಗಿದೆ ಅಂತ ನನ್ನ ಮೇಲೇ ಎಗರಾಡ್ತಾರೆ. ಮಸಾಲೆ ಒಂದಿನ ಕಹಿ, ಒಂದಿನ ಬರೀ ಲವಂಗ. ಜನ ಕಮ್ಮಿ ಆಗ್ತಿದಾರೆ. ಅಷ್ಟು ವರ್ಷದ ಗಿರಾಕಿ ಕುಂಸಿ ಕರಿಯಣ್ಣ, ಅವನೇ ಮೊನ್ನೆ ಅರ್ಧ ತಿಂದು ಎದ್ದು ಹೋದನಂತೆ. ಇವ್ರು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲ್ಕೊಂಡ್ಬಿಟ್ರು. ಆ ಬಾಣಲೆ ಮುಂದೆ ನಿಲ್ಲೋದು ತಪ್ಪಿದ್ರೆ ಅವರು ಉಳಿಯಲ್ಲ ಕಣೇ." ಹೇಳುತ್ತಾ ಅತ್ತರು. ನಮ್ಮ ಅಮ್ಮಿ ಸರ್ವರ್ ಬೀ ಸುಲಭಕ್ಕೆ ಅಳುವ ಹೆಂಗಸಲ್ಲ.

ಅತ್ತು ಮುಗಿಸಿ ಬ್ಯಾಗಿನಿಂದ ಒಂದು ಗಾಜಿನ ಬಾಟಲಿ ತೆಗೆದರು. ಜ್ವರ ಬರುವ ಮುಂಚಿನ ಮಸಾಲೆ, ಮನೆಯ ಅಡುಗೆಗೆಂದು ಅವರು ಯಾವಾಗಲೋ ಕದ್ದಿಟ್ಟದ್ದು, ತಳದಲ್ಲಿ ಸ್ವಲ್ಪ ಉಳಿದಿತ್ತು. "ಇದರ ಹಾಗೇ ಮಾಡು. ನನ್ನ ಮನೇಲಿ ಮಾಡಿದ್ರೆ ಅವರಿಗೆ ಗೊತ್ತಾಗುತ್ತೆ." ಯಾವ ಮಗಳಿಗೆ ಹೇಳಬಾರದು ಅಂತ ಬಾಗಿಲು ಹಾಕಿಕೊಂಡಿದ್ದರೋ ಅವಳೇ ಈಗ ಬೇಕಾಯಿತು. ನಕ್ಕುಬಿಡಬೇಕು ಅನ್ನಿಸಿತು, ಅಮ್ಮಿಯ ಮುಖ ನೋಡಿ ಸುಮ್ಮನಾದೆ.

ಬಿಳಿ ತಟ್ಟೆಯ ಮೇಲೆ ಪುಡಿ ಹರಡಿ ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಪು ಬ್ಯಾಡಗಿಯದು. ಕರಿ ಚುಕ್ಕೆ ಕಾಳುಮೆಣಸು. ಧನಿಯ, ಜೀರಿಗೆ, ಸೋಂಪು ಮೂಗಿಗೇ ಸಿಕ್ಕವು. ನಾಲಿಗೆಗೆ ಇಟ್ಟುಕೊಂಡರೆ ಓಂಕಾಳು, ಅದೂ ಹುರಿಯದ್ದು. ಇಷ್ಟು ಗೊತ್ತಾದರೆ ಮುಗಿಯಿತು ಅಂದುಕೊಂಡವಳು ದಡ್ಡಿ. ಬೆರೆಸಿದೆ, ಕೋಳಿಗೆ ಹಚ್ಚಿದೆ, ಕರಿದೆ, ಹಾಗೆ ಬರಲಿಲ್ಲ. ಮೆಣಸು ಹೆಚ್ಚು ಹುರಿದೆ, ಬರಲಿಲ್ಲ. ದಿನವೂ ಕೋಳಿ. ನನ್ನ ಗಂಡ ರಿಜ್ವಾನ್ ಗ್ಯಾರೇಜಿನಿಂದ ಬಂದವನು ತಟ್ಟೆ ನೋಡಿ, "ಮಾರಾಯ್ತಿ, ಇನ್ನೆರಡು ದಿನ ಹೋದ್ರೆ ಬೆಳಿಗ್ಗೆ ಎದ್ದು ನಾನೇ ಕೂಗ್ತೀನಿ," ಎಂದ. ಆದರೂ ಪಾಪ, ತಿಂದು ತಿಂದು ಹೇಳುತ್ತಿದ್ದ: ಎಲ್ಲ ಇದೆ, ನುಂಗಿದ ಮೇಲೆ ಉಳಿಯೋ ಆ ಸಣ್ಣ ಕಹಿ ಇಲ್ಲ.

ಆ ಕಹಿ ಯಾವುದು ಎಂದು ಫೋನಿನಲ್ಲಿ ಅಮ್ಮಿಯನ್ನು ಪೀಡಿಸಿದೆ. ಮನೆಗೆ ಅಬ್ಬಾ ತರುವುದು, ಇಟ್ಟುಕೊಳ್ಳುವುದು ಒಂದೊಂದೇ ನೆನಪು ಮಾಡಿಕೊಳ್ಳಿ ಎಂದೆ. ಅಮ್ಮಿ ಯೋಚಿಸಿ ಯೋಚಿಸಿ, "ಕರಿಯಣ್ಣ ವರ್ಷಾ ತನ್ನ ತೋಟದ ಹೇರಳೆಕಾಯಿ ತಂದ್ಕೊಡ್ತಾನಲ್ಲ. ನಾನು ರಸ ಶರಬತ್ತಿಗೆ ಹಿಂಡ್ಕೋತೀನಿ. ಸಿಪ್ಪೆ ಮಾತ್ರ ನಿನ್ನ ಅಬ್ಬಾ ಎಸೆಯೋಕೆ ಬಿಡಲ್ಲ. ಒಣಗಿಸಿ ಸೊಳ್ಳೆ ಹೊಗೆಗೆ ಅಂತ ಕೋಣೆ ಒಳಗೆ ಇಟ್ಕೋತಾರೆ," ಎಂದರು. ಆಮೇಲೆ, "ಹೊಗೆ ಹಾಕಿದ್ದು ಮಾತ್ರ ನಾನು ನೋಡಿಲ್ಲ," ಎಂದರು.

ಒಣಗಿದ ಹೇರಳೆ ಸಿಪ್ಪೆ ಒಂದು ಚೂರು ಪುಡಿ ಮಾಡಿ ಬೆರೆಸಿದೆ. ಆ ದಿನ ರಿಜ್ವಾನ್ ಮಾತಾಡದೆ ಮೂರನೆಯ ತುಂಡಿಗೆ ಕೈ ಹಾಕಿದ. ನಾನು ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಖುಷಿಯಾಯಿತು, ನಿಜ. ಅದರ ಜೊತೆಗೆ ಯಾರದೋ ಮನೆಗೆ ನುಗ್ಗಿ ಬಂದ ಹಾಗೂ ಆಯಿತು.

ಆಮೇಲೆ ಶುರುವಾಯಿತು ಕಳ್ಳಾಟ. ನಾನು ಮಸಾಲೆ ಮಾಡಿ ಊಟದ ಡಬ್ಬಿಯಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದು. ಅಬ್ಬಾ ನಿದ್ದೆ ಮಾಡುವಾಗ, ಅವರು ಬೆರೆಸಿ ಅಂಗಡಿಗೆಂದು ಹೊರಗಿಟ್ಟಿದ್ದನ್ನು ಅಮ್ಮಿ ಚೆಲ್ಲಿ, ನನ್ನದನ್ನು ಅವರ ಡಬ್ಬಕ್ಕೆ ಸುರಿಯುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮನೆಮಂದಿಯೆಲ್ಲ ಕಣ್ಣು ಮುಚ್ಚಿಕೊಂಡೆವು. ಗಿರಾಕಿಗಳು ಮರಳಿದರು. ಕರಿಯಣ್ಣ ಮತ್ತೆ ಬಂದು ತಟ್ಟೆ ಖಾಲಿ ಮಾಡಿದ. ಅಬ್ಬಾನ ಬೆನ್ನು ನೆಟ್ಟಗಾಯಿತು. ನನಗೆ ಫೋನ್ ಮಾಡಿ, "ಕೈಗುಣ ಅಂದ್ರೆ ಇದು ಬೇಟಿ," ಎನ್ನುವರು. ಹೌದು ಅಬ್ಬಾ, ಎನ್ನುವೆ. ಫೋನ್ ಇಟ್ಟ ಮೇಲೆ ಹೊಟ್ಟೆ ಉರಿಯುತ್ತಿತ್ತು.

ರಂಜಾನ್ ಬಂತು. ಒಂದು ಸಂಜೆ ಅಮ್ಮಿ ಮಾಡಿದ ಗಂಜಿ, ಖರ್ಜೂರ ಹಿಡಿದು ಅಂಗಡಿಗೆ ಹೋದೆ. ಬಿಸಿಲು ಬೆಂಕಿ, ಬೆಳಿಗ್ಗೆಯಿಂದ ಆ ರಸ್ತೆಯಲ್ಲಿ ಕರೆಂಟ್ ಇರಲಿಲ್ಲ. ಅಂಗಡಿ ಮುಂದೆ ಸಾಲು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಮುಂದೆ, ನಾಲ್ಕು ಜನರ ಹಿಂದೆ ಕರಿಯಣ್ಣ. ಎಣ್ಣೆ ಕಾದಿತ್ತು. ಅಬ್ಬಾ ಟಬ್ಬಿನ ಮುಚ್ಚಳ ತೆಗೆದರು. ಮೊದಲು ಬಂದದ್ದು ನನ್ನ ಮಸಾಲೆಯ ಘಮ. ಅದರ ಅಡಿಯಿಂದ ಇನ್ನೊಂದು ಎದ್ದಿತು, ಹುಳಿ ಹುಳಿ ನಾತ.

ಅಬ್ಬಾ ಬಗ್ಗಿ ಉಸಿರೆಳೆದು, "ಉಪ್ಪು ಸರಿ, ಖಾರ ಸರಿ," ಎಂದರು.

ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಅಬ್ಬಾ, ಇವತ್ತು ಬೇಡ. ಕೋಳಿ ಕೆಟ್ಟಿದೆ."

"ನೋಡ್ರಪ್ಪ, ನನ್ನ ಮಗಳು ನಂಗೆ ಮೂಸೋದು ಕಲಿಸ್ತಾಳೆ," ಎಂದರು ಸಾಲಿನ ಕಡೆ ತಿರುಗಿ. ಜನ ನಕ್ಕರು. ಅವರು ತುಂಡು ಎತ್ತಿದರು. ನಾನು ಮಣಿಕಟ್ಟು ಹಿಡಿದೆ.

"ಬಿಡು ಇರಂ. ನನ್ನ ಮಸಾಲೆ ಬಿದ್ದ ಕೋಳಿ ಕೆಡಲ್ಲ." ದನಿ ಸಣ್ಣದಿತ್ತು, ಸಿಟ್ಟು ದೊಡ್ಡದಿತ್ತು.

ಟಬ್ಬನ್ನು ಕೆಡವಿಬಿಡೋಣ ಅನ್ನಿಸಿತು, ಅವರು ತೋಳಿನಿಂದ ಅಡ್ಡ ಹಿಡಿದಿದ್ದರು. ಸೊಂಟದ ಮೇಲಿನ ಮಗು ಬಾಯಲ್ಲಿ ಬೆರಳಿಟ್ಟು ಬಾಣಲೆಯನ್ನೇ ನೋಡುತ್ತಿತ್ತು.

"ಅದು ನಿಮ್ಮ ಮಸಾಲೆ ಅಲ್ಲ ಅಬ್ಬಾ, ನಂದು. ನಿಮಗೆ ವಾಸನೆ ಬರಲ್ಲ. ಅಮ್ಮಿಗೂ ಗೊತ್ತು, ನಂಗೂ ಗೊತ್ತು." ಅವರಿಗೊಬ್ಬರಿಗೇ ಕೇಳುವ ಹಾಗೆ ಹೇಳಬೇಕೆಂದಿದ್ದೆ. ಎಲ್ಲರಿಗೂ ಕೇಳಿತು.

ಕರಿಯಣ್ಣ ಸಾಲು ಬಿಟ್ಟು ಬಂದು ಟಬ್ಬಿನ ಮೇಲೆ ಬಗ್ಗಿ ನೋಡಿ, "ಹೌದು ಹಮೀದಣ್ಣ, ಬೇಡ," ಎಂದು ಮುಚ್ಚಳ ಮುಚ್ಚಿದ. ಜನ ಬೇರೆಲ್ಲೋ ನೋಡುತ್ತಾ ಒಬ್ಬೊಬ್ಬರೇ ಹೊರಟರು. ನಾನು ಷಟರ್ ಅರ್ಧ ಎಳೆದೆ.

ಆಜಾನ್ ಆಯಿತು. ಅಬ್ಬಾ ಸ್ಟೂಲಿನ ಮೇಲೆ ಕುಳಿತು ಖರ್ಜೂರ ಬಾಯಿಗಿಟ್ಟು, ನೀರು ಕುಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ನಿಮಗೆ ನೋವಾಗಬಾರದು ಅಂತ ಮಾಡಿದ್ವಿ ಅಬ್ಬಾ," ಎಂದೆ.

"ಮೂಗು ಹೋಗಿದ್ದು ನಂಗೆ ಮೊದಲ ದಿನಾನೇ ಗೊತ್ತಿತ್ತು ಬೇಟಿ. ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ. ಆಮೇಲೆ ಜನ ವಾಪಸ್ ಬಂದ್ರಲ್ಲ. ಮೂಗು ತಗೊಂಡ್ರೂ ಅಲ್ಲಾ ನನ್ನ ಕೈ ಉಳಿಸಿದಾನೆ ಅಂದ್ಕೊಂಡೆ. ಅವತ್ತಿಂದ ದಿನಾ ರಾತ್ರಿ ಇಶಾ ಆದ್ಮೇಲೆ ಅವನ ಉಪಕಾರ ನೆನೆದು ಶುಕ್ರಾನಾ ನಮಾಜ್ ಓದ್ತಿದೀನಿ." ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. "ಇವತ್ತು ಏನಂತ ಓದ್ಲಿ? ನೀನೇ ಹೇಳು."

ಸುಮ್ಮನೆ ಆಡಿದ ಮಾತಲ್ಲ ಅದು. ತಲೆಯೆತ್ತಿ ನನ್ನನ್ನೇ ನೋಡುತ್ತಾ ಉತ್ತರಕ್ಕೆ ಕಾದರು.