ದರ್ಜಿಯ ಗೋಡೆಯ ಮೇಲೊಂದು ನಿಜವಾದ ವಾಕ್ಯ

ಉರ್ದು ಬಲ್ಲವರಿಗೆ ಇಂಗ್ಲಿಷ್ ಕಲಿಸುವ ಬೋರ್ಡ್ ಮೇಷ್ಟ್ರ ಪಾಠದ ಕೋಣೆ ಇರುವುದು ಹೊಲಿಗೆಯಂಗಡಿಯ ಮಹಡಿಯಲ್ಲಿ. ಅವರ ಜಾಹೀರಾತೆಂದರೆ ಅಂಗಡಿಯ ಹೊರಗೋಡೆಗೆ ತೂಗುಹಾಕಿದ ಕರಿಹಲಗೆ. ದಿನಾ ಬೆಳಿಗ್ಗೆ ಅದರ ಮೇಲೊಂದು ಇಂಗ್ಲಿಷ್ ಪದ, ಕೆಳಗೆ ಉರ್ದುವಿನಲ್ಲಿ ಅರ್ಥ, ಆಮೇಲೆ ಬಳಕೆಗೊಂದು ವಾಕ್ಯ. ಓದಿ ರುಚಿ ಹತ್ತಿದವರು ಮೆಟ್ಟಿಲು ಹತ್ತುತ್ತಾರೆ.

ವಾಕ್ಯದ ವಿಷಯದಲ್ಲಿ ಮೇಷ್ಟ್ರದು ಒಂದೇ ಹಟ: ಅದು ನಿಜವಾಗಿರಬೇಕು, ಬೀದಿಗೆಲ್ಲ ಗೊತ್ತಿರಬೇಕು. ‘ಸುಳ್ಳು ವಾಕ್ಯದಲ್ಲಿ ಪದ ನಿಲ್ಲಲ್ಲ, ಜಾರಿಹೋಗುತ್ತೆ’ ಎನ್ನುತ್ತಾರೆ. ‘ಬಾಲ್ಡ್’ ಪದಕ್ಕೆ ಪಕ್ಕದ ಕ್ಷೌರಿಕನ ಬೋಳುತಲೆಯೇ ಉದಾಹರಣೆಯಾಗಿತ್ತು. ಆತ ನಕ್ಕುಬಿಟ್ಟಿದ್ದ.

ಎಲ್ಲರೂ ಕ್ಷೌರಿಕರಲ್ಲ. ಒಂದು ದಿನ ಹಲಗೆಯ ಮೇಲೆ ‘ಪಂಕ್ಚುಯಲ್’ ಬಂತು. ಉರ್ದುವಿನಲ್ಲಿ ‘ವಕ್ತ್ ಕಾ ಪಾಬಂದ್’, ಹೊತ್ತಿಗೆ ಕಟ್ಟುಬಿದ್ದವನು. ವಾಕ್ಯ: ಈ ಅಂಗಡಿಯ ದರ್ಜಿ ಪಂಕ್ಚುಯಲ್ ಅಲ್ಲ.

ದರ್ಜಿ ಮೇಷ್ಟ್ರ ಹೆಂಡತಿಯ ಅಣ್ಣ. ಕಟ್ಟಡವೂ ಅವರದೇ.

‘ನನ್ನ ಗೋಡೆ ಮೇಲೆ ನನ್ನನ್ನೇ ಬರೀತೀರಾ ಮೇಷ್ಟ್ರೇ? ಇಳಿಸಿ ಹಲಗೆ!’

‘ವಾಕ್ಯ ತಪ್ಪಿದ್ರೆ ಹೇಳಿ ಭಾವ, ತಿದ್ತೀನಿ.’

‘ತಪ್ಪಿದ್ದಿದ್ರೆ ನಾನ್ಯಾಕೆ ಕೂಗಾಡ್ತಿದ್ದೆ!’

ಮೇಲೆ ಹೆಂಡತಿ ಕಾಯುತ್ತಿದ್ದಳು. ‘ಊರಿಗೆಲ್ಲ ಮಾತು ಕಲಿಸ್ತೀರಿ, ಒಂದು ಮಾತು ನುಂಗೋದು ಕಲೀಲಿಲ್ಲ. ಹಲಗೆ ಹೋದ್ರೆ ಮೆಟ್ಟಿಲು ಹತ್ತೋರು ಯಾರು, ಬೆಕ್ಕಾ?’

ರಾಜಿಯನ್ನೂ ಅವಳೇ ಮಾಡಿಸಿದಳು. ಮೇಷ್ಟ್ರ ಹೊಸ ಕೋಟನ್ನು ಅಣ್ಣ ಹೇಳಿದ ದಿನಕ್ಕೆ ಹೊಲಿದುಕೊಡಬೇಕು. ಕೊಟ್ಟರೆ ಮೇಷ್ಟ್ರು ‘ಅಲ್ಲ’ ಅಳಿಸಿ, ಆ ವಾಕ್ಯವನ್ನು ಹಲಗೆಯ ಮೂಲೆಯಲ್ಲಿ ಕಾಯಂ ಉಳಿಸಬೇಕು. ದರ್ಜಿ ಬೇರೆಯವರ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಕೋಟು ಮುಗಿಸಿದರು. ಮೇಷ್ಟ್ರು ಅದನ್ನು ತೊಟ್ಟುಕೊಂಡೇ ‘ಅಲ್ಲ’ ಅಳಿಸಿದರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಗಳಿಕೆ ದರ್ಜಿಯ ತಲೆಗೇರಿತು. ಎಲ್ಲರ ಬಟ್ಟೆಯೂ ಹೇಳಿದ ಹೊತ್ತಿಗೆ ಸಿದ್ಧವಾಗತೊಡಗಿತು. ಗಿರಾಕಿಗಳು ಬಂದರು, ಪೊಟ್ಟಣ ಹಿಡಿದರು, ಹೋದರು. ಗೋಡೆಯ ಮುಂದೆ ಯಾರೂ ನಿಲ್ಲಲಿಲ್ಲ. ಹೊಸ ವಿದ್ಯಾರ್ಥಿಗಳು ಬರುವುದು ನಿಂತೇಹೋಯಿತು. ಇಷ್ಟು ವರ್ಷ ತಮ್ಮ ಪದಗಳನ್ನು ಓದಿದವರೆಲ್ಲ ಪ್ಯಾಂಟಿಗೆ ಕಾದು ಬೇಸತ್ತವರು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

ಕೆಳಗಿಳಿದು ಹೋದರು. ‘ಇಷ್ಟೊಂದು ಅವಸರ ಯಾಕೆ ಭಾವ? ಆರಾಮಾಗಿ ಹೊಲೀರಿ. ಆರೋಗ್ಯ ಮುಖ್ಯ.’

‘ಗೋಡೆ ಮೇಲೆ ಬರೆದಾಗಿದೆಯಲ್ಲ’ ಎಂದರು ದರ್ಜಿ, ಸೂಜಿಗೆ ದಾರ ಪೋಣಿಸುತ್ತ. ‘ನಿಮ್ಮ ವಾಕ್ಯ ಸುಳ್ಳಾಗಬಾರದು ನೋಡಿ.’

ಹೆಂಡತಿಗೆ ಮಾತ್ರ ಚಿಂತೆಯಿರಲಿಲ್ಲ. ‘ನಮ್ಮಣ್ಣ ತಾನೇ? ಸ್ವಲ್ಪ ತಾಳಿ.’

ತಾಳಿದರು. ಅಣ್ಣನನ್ನು ತಂಗಿ ಬಲ್ಲಳು. ಮೊದಲು ಒಂದು ಗುಂಡಿ ಬಾಕಿಯಾಯಿತು, ಆಮೇಲೊಂದು ತೋಳು, ಕಡೆಗೆ ಇಡೀ ಅಂಗಿ. ಒಂದು ಬೆಳಿಗ್ಗೆ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಂದಾಗ ಬಸ್ ಕಂಡಕ್ಟರೊಬ್ಬರು ಹಳೆಯ ಪ್ಯಾಂಟಿನಲ್ಲೇ ಹಲಗೆಯ ಮುಂದೆ ನಿಂತು, ತುಟಿಯಾಡಿಸುತ್ತ ಓದುತ್ತಿದ್ದರು.

ಮೂಲೆಯ ವಾಕ್ಯ ಈಗ ಅಪ್ಪಟ ಸುಳ್ಳು. ಮೇಷ್ಟ್ರು ಒರೆಸುವ ಬಟ್ಟೆ ತೆಗೆದರು, ಕಂಡಕ್ಟರನ್ನು ನೋಡಿದರು, ಮತ್ತೆ ಜೇಬಿಗಿಟ್ಟುಕೊಂಡರು.

‘ಏನ್ ಮೇಷ್ಟ್ರೇ, ಈ ವಾಕ್ಯ ತಪ್ಪಲ್ವಾ?’ ಎಂದರು ಕಂಡಕ್ಟರು.

‘ಮೇಲೆ ಬನ್ನಿ’ ಎಂದರು ಮೇಷ್ಟ್ರು, ‘ಕೂತು ವಿವರವಾಗಿ ನೋಡೋಣ. ಪ್ಯಾಂಟಿಗೆ ಇನ್ನೂ ಹೊತ್ತಾಗುತ್ತೆ.’