ಚೆಂಡು ಹೋದ ದಾರಿ

ಇಂಫಾಲದ ಮೈದಾನಗಳಲ್ಲಿ ಕುದುರೆಯನ್ನು ಗಾಳಿಯಂತೆ ಓಡಿಸಿದವರು ಅನೇಕರಿದ್ದಾರೆ, ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆದವರೂ ಇದ್ದಾರೆ; ಆದರೆ ಪೋಲೋ ಆಟದ ನಿಯಮಗಳನ್ನು ಹೊಸದಾಗಿ ಕೋಲು ಹಿಡಿದ ಹುಡುಗಿಯರಿಗೂ, ಬೇಲಿಯಾಚೆ ಬೋಂಡ ಕರಿಯುವ ಹೆಂಗಸರಿಗೂ ಒಂದೇ ತಾಳ್ಮೆಯಿಂದ ಹೇಳಿಕೊಟ್ಟವರು ಶ್ರೀ ಸಗೋಲ್ಸೆಮ್ ಕುಲ್ಲಚಂದ್ರ ಅವರು. ನಮಗೆಲ್ಲ ಅವರು ಓಜಾ, ಅಂದರೆ ಮೇಷ್ಟರು. ಅವರು ಅಂಪೈರ್ ಸೀಟಿಯನ್ನು ಕೆಳಗಿಟ್ಟ ಈ ಸಂದರ್ಭದಲ್ಲಿ, ಅವರ ಶಿಷ್ಯೆಯಾದ ನಾನು ಒಲೆಗೂ ಮಗ್ಗಕ್ಕೂ ನಡುವೆ ಸಿಕ್ಕ ಬಿಡುವಿನಲ್ಲಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೆಣ್ಣುಮಕ್ಕಳು ಕುದುರೆ ಹತ್ತುವುದೇ ನಗೆಪಾಟಲಾಗಿದ್ದ ಕಾಲದಲ್ಲಿ ಓಜಾ ನಮ್ಮನ್ನು ಮೊದಲು ಕುದುರೆಯ ಮೇಲಲ್ಲ, ನನ್ನ ತಾಯಿಯ ಅಂಗಳದಲ್ಲಿ ನೆಲದ ಮೇಲೆ ಕೂರಿಸಿದರು. ತಂಡಕ್ಕೆ ನಾಲ್ವರು, ಎಡಚರಾದರೂ ಕೋಲು ಬಲಗೈಯಲ್ಲೇ ಇರಬೇಕು, ಎದುರಾಳಿ ಹೊಡೆಯುವಾಗ ಅವಳ ಕೋಲಿಗೆ ಕೋಲು ಸಿಕ್ಕಿಸಬಹುದು, ಪಕ್ಕದಿಂದ ಭುಜಕ್ಕೆ ಭುಜ ಕೊಟ್ಟು ಸರಿಸಬಹುದು, ಆದರೆ ಅಡ್ಡ ನುಗ್ಗಬಾರದು, ಪ್ರತಿ ಗೋಲಾದ ಮೇಲೂ ತಂಡಗಳು ದಿಕ್ಕು ಬದಲಿಸಬೇಕು. ಇಷ್ಟನ್ನು ಹೇಳಿ, ತಾಯಿಯ ಮಗ್ಗದಿಂದ ಕೆಂಪು ನೂಲೊಂದನ್ನು ಕೇಳಿ ಪಡೆದು ಅಂಗಳದುದ್ದಕ್ಕೂ ಎಳೆದರು.

"ಇದು ಚೆಂಡು ಹೋದ ದಾರಿ. ಈ ದಾರಿ ಹಿಡಿದು ಹಿಂದೆ ಬರೋಳಿಗೆ ಹಕ್ಕು. ಅವಳ ಮುಂದೆ ಅಡ್ಡ ಹೋದ್ರೆ ತಪ್ಪು. ಯಾಕೆ ಹೇಳಿ?"

"ಪೆನಾಲ್ಟಿ ಕೊಡ್ತಾರೆ," ಎಂದೆ.

"ಕುದುರೆ ಕಾಲು ಮುರಿಯುತ್ತೆ ಕಣಮ್ಮ. ಪೆನಾಲ್ಟಿ ಆಮೇಲಿನ ಮಾತು. ಇನ್ನೊಬ್ಬಳ ಕೋಲು ತಗುಲಿ ಚೆಂಡು ತಿರುಗಿತಾ, ಹಳೇ ದಾರಿ ಅಲ್ಲಿಗೆ ಮುಗೀತು. ಹೊಸ ದಾರಿ ನೋಡಿ. ಕುದುರೆ ಮೇಲಿರೋಳ ಮುಖ ನೋಡಬೇಡಿ."

ತಾಯಿ ಮಗ್ಗದಿಂದಲೇ, "ಓಜಾ, ನಿಮ್ಮ ದಾರಿ ಮುಗಿದ್ರೆ ನನ್ನ ನೂಲು ವಾಪಸ್ ಕೊಡಿ," ಎಂದಳು.

ಮದುವೆಯಾಗಿ, ಮಗಳು ಲಿಂಥೋಯ್ ಹುಟ್ಟಿ, ಆಟ ಬಿಟ್ಟೇಹೋಯಿತೆಂದು ನಾನು ಸುಮ್ಮನಾಗಿದ್ದಾಗ ಓಜಾ ಮನೆಗೇ ಬಂದು ನನ್ನ ಅತ್ತೆಯ ಒಪ್ಪಿಗೆ ಕೇಳಿದರು. ಮೊದಲ ದಿನ ನಾನು ಕುದುರೆ ಹತ್ತಿದಾಗ ಹಸುಳೆ ಅವರ ತೋಳಿನಲ್ಲೇ ನಿದ್ದೆಹೋಯಿತು. ಎಚ್ಚರವಾದೀತೆಂದು ಅವರು ಆ ಸಂಜೆ ಸೀಟಿಯನ್ನೇ ಊದಲಿಲ್ಲ. ತಪ್ಪಾದಾಗಲೆಲ್ಲ ಮಡಿಸಿದ ಕೊಡೆಯನ್ನು ಎತ್ತಿ ತೋರಿಸಿದರು. ಅಂಪೈರನ ಮೌನಕ್ಕೆ ಅಷ್ಟು ವಿಧೇಯರಾಗಿ ನಾವು ಬೇರೆಂದೂ ಆಡಿಲ್ಲ.

ಈಚಿನ ವರ್ಷಗಳು ದಣಿವಿನವು. ಕುದುರೆಗಳು ಮೇಯುತ್ತಿದ್ದ ಜೌಗುನೆಲಗಳಲ್ಲಿ ಗೋಡೆಗಳೆದ್ದಿವೆ. ಗೋಡೆಗಳಿಲ್ಲದ ಕಡೆ ಜನರಿಗೆ ಆಟ ನೋಡುವ ಮನಸ್ಸಿಲ್ಲ. ಆದರೂ ಓಜಾ ಬರುತ್ತಿದ್ದರು, ಅವರ ಮುದಿ ಹೆಣ್ಣುಕುದುರೆಯೂ ಬರುತ್ತಿತ್ತು. ಇಬ್ಬರಲ್ಲಿ ಯಾರು ಯಾರನ್ನು ಕರೆತರುತ್ತಿದ್ದರೋ ಹೇಳುವುದು ಕಷ್ಟ.

ಅವರ ಕೊನೆಯ ಪಂದ್ಯದ ಸಂಗತಿಯನ್ನು ಮಾತ್ರ ನಾನು ಬಿಡುವಂತಿಲ್ಲ. ಕುದುರೆಯ ಮೇಲಿನ ಇಬ್ಬರು ಅಂಪೈರರು ಒಬ್ಬರ ತೀರ್ಪನ್ನೊಬ್ಬರು ಒಪ್ಪದಿದ್ದಾಗ ಬೇಲಿಯ ಬಳಿ ಸ್ಟೂಲಿನ ಮೇಲೆ ಕೂತ ಮೂರನೆಯವರ ಮಾತೇ ಕೊನೆ. ಅಂದು ಆ ಮೂರನೆಯವರು ಬರಲಿಲ್ಲ. ಓಜಾ ನನ್ನನ್ನು ಕೂರಿಸಿದರು. ನನ್ನ ಮಗಳೇ ಆಡುತ್ತಿದ್ದಾಳೆ ಎಂದು ನಾನು ಹಿಂಜರಿದಾಗ, ಎದುರು ತಂಡದ ನಾಯಕಿ ಥಾಜಾ ನಕ್ಕಳು: "ಕೂರಿ ಚಿಕ್ಕಮ್ಮ. ಈ ಊರಲ್ಲಿ ಯಾರು ಕೂತ್ರೂ ಯಾರಿಗೋ ಅತ್ತೆ, ಯಾರಿಗೋ ಚಿಕ್ಕಮ್ಮ."

ಕೊನೆಯ ಸುತ್ತು, ಗೋಲುಗಳು ಸಮ. ಥಾಜಾ ಚೆಂಡನ್ನು ನೇರ ಹೊಡೆದು ಅದರ ಹಿಂದೆಯೇ ಬಂದಳು. ಬಲಬದಿಯಿಂದ ಲಿಂಥೋಯ್ ನುಗ್ಗಿದಳು. ಎರಡು ಕುದುರೆಗಳ ಕತ್ತುಗಳು ಇನ್ನೇನು ತಾಕಿದವು ಎನ್ನುವಾಗ ಓಜಾ ಸೀಟಿ ಊದಿದರು: ಲಿಂಥೋಯ್ ಅಡ್ಡ ಬಂದಳು, ಥಾಜಾಗೆ ಪೆನಾಲ್ಟಿ. ಇನ್ನೊಂದು ಬದಿಯಲ್ಲಿದ್ದ ಅಂಪೈರ್ ಇಬೊಯೈಮ ತಲೆಯಾಡಿಸಿದರು: ತಪ್ಪಿಲ್ಲ. ಇಬ್ಬರೂ ಕುದುರೆ ತಿರುಗಿಸಿ ನನ್ನ ಬಳಿ ಬಂದರು.

ನಾನು ನೋಡಿದ್ದೆ. ನಡುವೆ ಇನ್ನೊಬ್ಬಳ ಕೋಲಿನ ತುದಿ ತಗುಲಿ ಚೆಂಡು ಬಲಕ್ಕೆ ಹೊರಳಿತ್ತು. ಹೊಸ ದಾರಿಯ ಮೇಲಿದ್ದವಳು ಲಿಂಥೋಯ್. ಧೂಳಿನ ಹಿಂದೆ, ಇಳಿಬಿಸಿಲಿಗೆ ಎದುರಾಗಿದ್ದ ಓಜಾ ಅವರಿಗೆ ಅದು ಕಂಡಿರಲಿಲ್ಲ. ಹಾಗೆಂದು ಹೇಳಿದರೆ ಮಗಳ ಪಕ್ಷ ವಹಿಸಿದೆನೆಂಬ ಮಾತು ಬರುತ್ತದೆ. ವೇದಿಕೆಯ ಮೇಲೆ ಬೀಳ್ಕೊಡುಗೆಯ ಶಾಲು ಕಾದಿರುವ ದಿನವೇ ಗುರುವಿನ ಕೊನೆಯ ಸೀಟಿ ಸುಳ್ಳಾಗುತ್ತದೆ. ಓಜಾ ಹೇಳಿದ್ದಕ್ಕೆ ಹೂಂ ಎಂದರೆ ಎಲ್ಲರಿಗೂ ನೆಮ್ಮದಿ.

ಓಜಾ ನನ್ನ ಮುಖ ನೋಡಲಿಲ್ಲ. ಕುದುರೆಯ ಜೂಲು ಸವರುತ್ತ, "ದಾರಿ ಯಾವುದಮ್ಮ?" ಎಂದು ಕೇಳಿದರು.

"ಚೆಂಡು ತಿರುಗಿತು, ಓಜಾ. ತಪ್ಪಿಲ್ಲ."

ಬೇಲಿಯಿಂದ ಕೂಗೆದ್ದಿತು. "ಹೆತ್ತ ಕರುಳು ನೋಡ್ರಪ್ಪ!" "ಮಗಳಿಗೆ ಇವತ್ತು ಊಟಕ್ಕೆ ಎರಡು ಮೀನು!" ಓಜಾ ಕುದುರೆ ತಿರುಗಿಸಿ, ತಂಡಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಚೆಂಡನ್ನು ಎಸೆದು ಆಟ ಮುಂದುವರಿಸಿದರು. ಕೊನೆಗೆ ಥಾಜಾಳ ತಂಡವೇ ಗೆದ್ದಿತು. ನನ್ನ ತೀರ್ಪಿನಿಂದ ನನ್ನ ಮನೆಗೆ ಬಂದದ್ದು, ಸೋತದ್ದಲ್ಲದೆ ಬೇಲಿಯವರ ಮಾತನ್ನೂ ಕೇಳಬೇಕಾಯಿತೆಂದು ಮುನಿದು ಊಟ ಬಿಟ್ಟು ಮಲಗಿದ ಮಗಳು ಮಾತ್ರ.

ಶಾಲು ಹೊದಿಸಿದ ಮೇಲೆ ಓಜಾ ನನ್ನ ಬಳಿ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಆಮೇಲೆ, "ಮಗಳ ಮುಖ ನೋಡದೇ ಇರೋದು ಸುಲಭ ಕಣಮ್ಮ, ಜನರ ಹೆದರಿಕೆ ಇರುತ್ತೆ," ಎಂದರು. "ನೀನು ನನ್ನ ಮುಖಾನೂ ನೋಡಲಿಲ್ವಲ್ಲ. ಅದಕ್ಕೇ ಕಾಯ್ತಾ ಇದ್ದೆ. ಈಗ ಸೀಟಿ ಬಿಟ್ಟು ಇಳೀಬಹುದು."

ಸ್ಟೂಲಿನಿಂದ ಎದ್ದರು. ನೆರವಿಗೆ ಕೈ ಕೊಟ್ಟರೆ ಬೇಡವೆಂದು ಕುದುರೆಯ ಕತ್ತು ಹಿಡಿದೇ ಮನೆಗೆ ನಡೆದರು.

ಮುಂದಿನ ಋತುವಿಗೆ ಆ ಸ್ಟೂಲು ನನ್ನದೆಂದು ಹೇಳಿದ್ದಾರೆ. ಪಕ್ಕದಲ್ಲಿ ಅವರಿಗೂ ಒಂದನ್ನು ಹಾಕಿಸಿದ್ದೇನೆ. ಓಜಾ ಅವರಿಗೆ ದೀರ್ಘಾಯುಸ್ಸು ದೊರೆಯಲಿ, ಕಾಲುಗಳಿಗೆ ಇನ್ನಷ್ಟು ವರ್ಷ ಮೈದಾನದವರೆಗೆ ನಡೆಯುವ ಬಲವಿರಲಿ. ಧೂಳಿನಲ್ಲಿ ನನಗೂ ಚೆಂಡು ಕಾಣದ ದಿನ ಬರುತ್ತದೆ. ಅಂದು ನನ್ನ ಮುಖ ನೋಡದೆ, ಮಡಿಸಿದ ಆ ಕೊಡೆಯನ್ನು ಅವರೇ ಎತ್ತಿ ಹಿಡಿಯಲಿ.